ಒಂದೇ ಮನೆಯಲ್ಲಿ ಯೆಜ್ಡಿ, ಸ್ಪ್ಲೆಂಡರ್: ಹದಿನಾರು ವರ್ಷ ಎರಡನ್ನೂ ಓಡಿಸಿದವನ ಲೆಕ್ಕ

ನಮ್ಮ ಮನೆಯಲ್ಲಿ ಎರಡು ಗಾಡಿ. ಒಂದು, ಅಪ್ಪಾಜಿ 1991ರಲ್ಲಿ ಹೊಸದಾಗಿ ತೆಗೆದ ಯೆಜ್ಡಿ ರೋಡ್‌ಕಿಂಗ್. ಇನ್ನೊಂದು, ಕೆಲಸಕ್ಕೆ ಸೇರಿದ ಮೇಲೆ 2009ರಲ್ಲಿ ನಾನು ತೆಗೆದ ಸ್ಪ್ಲೆಂಡರ್ ಪ್ಲಸ್. ಹೀರೋ, ಹೋಂಡಾ ಇನ್ನೂ ಒಟ್ಟಿಗಿದ್ದ ಕಾಲದ್ದು. ಮೈಸೂರಿನಿಂದ ನಂಜನಗೂಡಿಗೆ ಹೋಗಿಬರುವ ಕೆಲಸ ನನ್ನದು. ವಾರದ ದಿನಗಳಲ್ಲಿ ಸ್ಪ್ಲೆಂಡರ್, ಭಾನುವಾರ ಮತ್ತು ಹಬ್ಬ ಹರಿದಿನಕ್ಕೆ ಯೆಜ್ಡಿ. ಸ್ಪ್ಲೆಂಡರ್ ಆರು ತಿಂಗಳು ಮನೆಯಲ್ಲಿ ಇಲ್ಲದಿದ್ದಾಗ ದಿನಾ ಯೆಜ್ಡಿಯಲ್ಲೇ ಡ್ಯೂಟಿಗೆ ಹೋಗಿದ್ದೂ ಉಂಟು, ತಮ್ಮ ಅದನ್ನು ಬೆಂಗಳೂರಿಗೆ ಒಯ್ದಿದ್ದ. ಆದ್ದರಿಂದ ಎರಡನ್ನೂ ಬರೀ ಸಂಜೆಯ ರೌಂಡಿಗೆ ಓಡಿಸಿ ಬರೆಯುತ್ತಿಲ್ಲ.

ಬರೆಯಲು ಕಾರಣವಿದೆ. ಹಳೆಯ ಯೆಜ್ಡಿ ಕೊಳ್ಳಬೇಕೆಂದು ಆಸೆಪಟ್ಟ ಹುಡುಗರು ಸಿಗ್ನಲ್ಲಿನಲ್ಲಿ ನಿಲ್ಲಿಸಿ ಕೇಳುತ್ತಾರೆ: ಅಣ್ಣಾ, ದಿನಾ ಓಡಿಸಬಹುದಾ? ಹಸಿರು ದೀಪ ಬೀಳುವಷ್ಟರಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು.

ಸ್ಪ್ಲೆಂಡರಿನದು ಬೇಗ ಹೇಳಿಬಿಡುತ್ತೇನೆ. 97.2 ಸಿ.ಸಿ. ಎಂಜಿನ್, ಎಂಟು ಹಾರ್ಸ್‌ಪವರ್ ಆಸುಪಾಸು, ತೂಕ ನೂರಹತ್ತು ಕೆ.ಜಿ. ಸುತ್ತಮುತ್ತ. ನನ್ನದು ಒಂದು ಲಕ್ಷದ ಎಪ್ಪತ್ತು ಸಾವಿರ ಕಿ.ಮೀ. ದಾಟಿದೆ. ಮೂರು ಸಾವಿರಕ್ಕೊಮ್ಮೆ ಎಂಜಿನ್ ಆಯಿಲ್ ಬದಲಾಯಿಸುತ್ತೇನೆ, ಅದೊಂದನ್ನು ಮಾತ್ರ ಯಾವತ್ತೂ ಮುಂದೂಡಿಲ್ಲ. ಇಷ್ಟು ವರ್ಷದಲ್ಲಿ ಚೈನ್ ಸೆಟ್, ಬ್ರೇಕ್ ಶೂ, ಟೈರ್, ಕ್ಲಚ್ ಪ್ಲೇಟ್, ಹ್ಯಾಂಡಲ್ಲಿನ ಕೋನ್ ಸೆಟ್, ಒಮ್ಮೆ ಟೈಮಿಂಗ್ ಚೈನ್ ಬದಲಾಗಿವೆ. ಓಡಿದ ದೂರಕ್ಕೆ ಅವೆಲ್ಲ ಸವೆಯಲೇಬೇಕಾದವು. ಎಂಜಿನ್ನಿನ ಬೋರಿಗೆ, ಅಂದರೆ ಸಿಲಿಂಡರಿನ ಸವೆದ ಒಳಮೈ ಕೊರೆಸುವ ಕೆಲಸಕ್ಕೆ, ಒಂದೇ ಸಲ ಕೈ ಹಾಕಿಸಿದ್ದು, ಅದೂ ಒಂದೂಕಾಲು ಲಕ್ಷ ದಾಟಿದ ಮೇಲೆ. ನಾಲ್ಕು ಜನ ಅಣ್ಣತಮ್ಮಂದಿರಿರುವ ಮನೆಯಲ್ಲಿ ಸದ್ದಿಲ್ಲದೆ ಕೆಲಸ ಮಾಡಿಕೊಂಡು ಹೋಗುವ ಮಗನೊಬ್ಬ ಇರುತ್ತಾನಲ್ಲ, ಹಾಗೆ ಈ ಗಾಡಿ.

ಈಗ ಯೆಜ್ಡಿ.

ಓಡಿಸದವರಿಗಾಗಿ ಮೊದಲು ಅದರ ಸ್ವಭಾವ ಹೇಳಬೇಕು. 250 ಸಿ.ಸಿ. ಟೂ ಸ್ಟ್ರೋಕ್, ಹದಿನಾರು ಹಾರ್ಸ್‌ಪವರ್. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಎಡಗಡೆಯ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ಕರ್. ಕ್ಲಚ್ ಹಿಡಿಯದೆ ಕಾಲಿನಲ್ಲೇ ಗೇರ್ ಬದಲಾಯಿಸಬಹುದು, ಲಿವರ್ ಒತ್ತಿದಾಗ ಕ್ಲಚ್ ತಾನೇ ಬಿಡುತ್ತದೆ. ಇದನ್ನು ನಾನು ಬಹಳ ದಿನ ಬರೀ ಹೇಳಿಕೊಳ್ಳುವ ವಿಶೇಷ ಎಂದುಕೊಂಡಿದ್ದೆ. ಒಂದು ರಾತ್ರಿ ನಂಜನಗೂಡಿನ ಸೇತುವೆ ದಾಟುತ್ತಿದ್ದ ಹಾಗೇ ಕ್ಲಚ್ ವೈರ್ ತುಂಡಾಯಿತು. ಹತ್ತು ಗಂಟೆ ಮೀರಿತ್ತು, ಅಂಗಡಿ ಒಂದೂ ತೆರೆದಿರಲಿಲ್ಲ. ನ್ಯೂಟ್ರಲ್ಲಿನಲ್ಲಿ ಸ್ಟಾರ್ಟ್ ಮಾಡಿದೆ. ಲಿವರನ್ನು ಕಾಲಿನಲ್ಲಿ ಒತ್ತಿ ಹಿಡಿದು, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಮೆಲ್ಲಗೆ ಕಾಲು ಸಡಿಲಿಸಿದೆ. ಗಾಡಿ ಜರ್ಕ್ ಇಲ್ಲದೆ ಹೊರಟಿತು. ಮನೆಯ ಗೇಟಿನವರೆಗೂ ಎಡಗೈಗೆ ಕೆಲಸವಿರಲಿಲ್ಲ.

ಪೆಟ್ರೋಲ್ ಹಾಕಿಸುವುದೂ ಬೇರೆಯೇ ಕೆಲಸ. ಲೀಟರಿಗೆ ನಲವತ್ತು ಎಂ.ಎಲ್. ಟೂ ಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಬೆರೆಸಬೇಕು. ಹಿಂದೆ ಬಂಕಿನಲ್ಲೇ ಆಯಿಲ್ ಪಂಪ್ ಇರುತ್ತಿತ್ತು, ಹುಡುಗರೇ ಅಳೆದು ಹಾಕುತ್ತಿದ್ದರು. ಈಗಿನ ಹುಡುಗರು ನಾನು ಸೀಟಿನ ಕೆಳಗಿನಿಂದ ಡಬ್ಬ, ಅಳತೆ ಲೋಟ ತೆಗೆಯುವುದನ್ನು ನಿಂತು ನೋಡುತ್ತಾರೆ. ಆಯಿಲ್ ಮೊದಲು, ಪೆಟ್ರೋಲ್ ಆಮೇಲೆ. ಆಮೇಲೆ ಗಾಡಿಯನ್ನು ನಾಲ್ಕು ಸಲ ಅತ್ತಿತ್ತ ಅಲುಗಾಡಿಸಬೇಕು. ಕಮ್ಮಿ ಹಾಕಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಜಾಸ್ತಿಯಾದರೆ ಪ್ಲಗ್ ಕಪ್ಪಾಗಿ ಮಿಸ್ಸಿಂಗ್ ಶುರು. ಗಾಡಿ ನಿಲ್ಲಿಸಿದ ಕೂಡಲೇ ಟ್ಯಾಂಕಿನ ಕೆಳಗಿನ ಪೆಟ್ರೋಲಿನ ನಲ್ಲಿಯನ್ನು ಬಂದ್ ಮಾಡಬೇಕು. ಮರೆತರೆ, ಕಾರ್ಬೊರೇಟರಿನ ಸೂಜಿ ಸವೆದಿದ್ದಾಗ ಪೆಟ್ರೋಲ್ ಇಳಿದು ಎಂಜಿನ್ನಿನೊಳಗೆ ತುಂಬಿಕೊಳ್ಳುತ್ತದೆ. ಅಪ್ಪಾಜಿಗೆ ಈಗ ಮಂಡಿನೋವು, ಕಿಕ್ ಹೊಡೆಯಲಾಗುವುದಿಲ್ಲ. ಆದರೂ ನಾನು ಗಾಡಿ ಒಳಗೆ ತಂದಾಗಲೆಲ್ಲ ಜಗುಲಿಯಿಂದಲೇ ಕೇಳುತ್ತಾರೆ: "ನಲ್ಲಿ ತಿರುಗಿಸಿದೆಯಾ?"

ಇತ್ತೀಚೆಗೆ ಇನ್ನೊಂದು ಎಚ್ಚರಿಕೆ ಸೇರಿಕೊಂಡಿದೆ. ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ ಶೇಕಡಾ 20ಕ್ಕೆ ಏರಿದೆ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹಳೆಯ ಕಾಲದ ರಬ್ಬರ್ ವಾಷರ್, ಪೈಪುಗಳನ್ನು ಉಬ್ಬಿಸುತ್ತದೆ. ದಿನಾ ಓಡುವ ಗಾಡಿಗಿಂತ ನಿಂತ ಗಾಡಿಗೆ ಇದರ ತೊಂದರೆ ಹೆಚ್ಚು. ಹತ್ತು ದಿನಕ್ಕಿಂತ ಹೆಚ್ಚು ಯೆಜ್ಡಿ ನಿಲ್ಲುವುದಾದರೆ ನಲ್ಲಿ ಬಂದ್ ಮಾಡಿ ಕಾರ್ಬೊರೇಟರ್ ಖಾಲಿಯಾಗುವವರೆಗೂ ಎಂಜಿನ್ ಓಡಿಸಿ ನಿಲ್ಲಿಸುತ್ತೇನೆ. ಪೈಪನ್ನು ವರ್ಷಕ್ಕೊಮ್ಮೆ ಹೊಸದು ಹಾಕುತ್ತೇನೆ. ಮಳೆಗಾಲದಲ್ಲಿ ಟ್ಯಾಂಕ್ ಅರ್ಧ ಖಾಲಿ ಬಿಡುವುದಿಲ್ಲ, ಖಾಲಿ ಜಾಗದಲ್ಲಿ ನೀರಹನಿ ಕಟ್ಟಿ ಒಳಗೆ ತುಕ್ಕು ಹಿಡಿಯುತ್ತದೆ.

ದುಡ್ಡಿನ ಲೆಕ್ಕ ನೋಡೋಣ. ನನ್ನ ಕೈಯಲ್ಲಿ ಸ್ಪ್ಲೆಂಡರ್ ಲೀಟರಿಗೆ 62 ಕೊಡುತ್ತದೆ, ಯೆಜ್ಡಿ ಚೆನ್ನಾಗಿ ಟ್ಯೂನ್ ಆಗಿದ್ದಾಗ 28. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಹಿಡಿದರೆ ನೂರು ಕಿ.ಮೀ.ಗೆ ಸ್ಪ್ಲೆಂಡರಿಗೆ ಸುಮಾರು 166 ರೂಪಾಯಿ. ಯೆಜ್ಡಿಗೆ ಪೆಟ್ರೋಲೇ 368, ಮೇಲೆ ಆಯಿಲಿಗೆ ಐವತ್ತು ಅರವತ್ತು. ಎರಡೂವರೆ ಪಟ್ಟು ಆಯಿತು. ಯೆಜ್ಡಿಯಲ್ಲೇ ಡ್ಯೂಟಿಗೆ ಹೋದ ಆ ಆರು ತಿಂಗಳು ತಿಂಗಳ ಕೊನೆಯ ವಾರ ನನಗೆ ಚೆನ್ನಾಗಿ ನೆನಪಿದೆ. ತಮ್ಮ ಸ್ಪ್ಲೆಂಡರ್ ವಾಪಸ್ ತಂದ ದಿನ ನನ್ನ ಹೆಂಡತಿ ಅದಕ್ಕೆ ಅರಿಶಿನ ಕುಂಕುಮ ಇಟ್ಟಳು.

ಆದರೆ ಪೆಟ್ರೋಲ್ ಖರ್ಚು ಯಾರಿಗಾದರೂ ಮೊದಲೇ ಗೊತ್ತಾಗುವಂಥದ್ದು. ಯೆಜ್ಡಿ ಇಟ್ಟುಕೊಳ್ಳುವ ನಿಜವಾದ ಕಷ್ಟ ಸ್ಪೇರಿನದು.

ಸ್ಪ್ಲೆಂಡರಿನ ಕ್ಲಚ್ ವೈರ್ ಸಂತೆ ನಡೆಯುವ ಯಾವ ಊರಿನಲ್ಲೂ ಸಿಗುತ್ತದೆ. ಪಂಕ್ಚರ್ ಅಂಗಡಿಯವನೂ ಹಾಕಿಕೊಡುತ್ತಾನೆ. ಯೆಜ್ಡಿ ತಯಾರಾಗುತ್ತಿದ್ದುದು ನಮ್ಮ ಮೈಸೂರಿನ ಯಾದವಗಿರಿಯಲ್ಲೇ. ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜ ಒಡೆಯರ್ ಉದ್ಘಾಟಿಸಿದ್ದರು. ಮೊದಲು ಜೆಕೊಸ್ಲೊವಾಕಿಯಾದ ಜಾವಾ ಹೆಸರಿನಲ್ಲಿ, ಆಮೇಲೆ ಯೆಜ್ಡಿ ಹೆಸರಿನಲ್ಲಿ ಗಾಡಿಗಳು ಅಲ್ಲಿಂದ ದೇಶಕ್ಕೆಲ್ಲ ಹೋದವು. ಲೀಟರಿಗೆ ದುಪ್ಪಟ್ಟು ಓಡುವ ನೂರು ಸಿ.ಸಿ. ಗಾಡಿಗಳು ಬಂದವು, ಹೊಗೆಯ ನಿಯಮ ಬಿಗಿಯಾಯಿತು, 1996ಕ್ಕೆ ಕಾರ್ಖಾನೆ ನಿಂತಿತು. ಸ್ಪ್ಲೆಂಡರ್ ಮಾರುಕಟ್ಟೆಗೆ ಬಂದದ್ದು 1994ರಲ್ಲಿ. ಒಂದನ್ನು ರಸ್ತೆಯಿಂದ ಸರಿಸಿದ ಸಾಲಿನ ಗಾಡಿಯೇ ಇನ್ನೊಂದು, ಎರಡೂ ನಮ್ಮ ಮನೆಯ ಒಂದೇ ಶೀಟಿನ ಕೆಳಗೆ ನಿಂತಿವೆ. 2022ರಲ್ಲಿ ಯೆಜ್ಡಿ ಹೆಸರು ಮರಳಿ ಬಂದಿದೆ ನಿಜ, ಆದರೆ ಅದು ನೀರಿನಿಂದ ತಣ್ಣಗಾಗುವ ಫೋರ್ ಸ್ಟ್ರೋಕ್ ಎಂಜಿನ್. ಅದರ ಸ್ಪೇರ್ ಹಳೆಯದಕ್ಕೆ ಬರುವುದಿಲ್ಲ. ಕೊಳ್ಳಲು ಹೊರಟವರಲ್ಲಿ ಕೆಲವರು ಹೀಗೆಯೇ ತಪ್ಪು ತಿಳಿದಿರುತ್ತಾರೆ.

ಹಾಗಾಗಿ ಹಳೆಯ ಯೆಜ್ಡಿಗೆ ಈಗ ಸಿಗುವುದು ಮೂರು ಬಗೆಯ ಸಾಮಾನು: ಯಾರೋ ಅಂಗಡಿಯವರು ಕಟ್ಟಿಟ್ಟಿದ್ದ ಹಳೆಯ ಒರಿಜಿನಲ್, ಗುಜರಿಯಿಂದ ಬಿಚ್ಚಿದ್ದು, ಈಗ ಹೊಸದಾಗಿ ಮಾಡಿ ಮಾರುತ್ತಿರುವುದು. ಮೂರನೆಯದರಲ್ಲಿ ಒಳ್ಳೆಯದೂ ಇದೆ, ನಂಬಿ ಕೆಟ್ಟದ್ದೂ ಇದೆ.

ನನಗಾದದ್ದು ಹೇಳುತ್ತೇನೆ. 2017ರಲ್ಲಿ ಬೋರ್ ಮಾಡಿಸಬೇಕಾಯಿತು. ಒಂದು ಅಂಗಡಿಯಲ್ಲಿ ಒರಿಜಿನಲ್ ಎಂದು ಹೇಳಿ ಪಿಸ್ಟನ್ ಕಿಟ್ ಕೊಟ್ಟರು. ಹಳೆಯ ಪೇಪರಿನಲ್ಲಿ ಸುತ್ತಿತ್ತು, ಡಬ್ಬಿಯೂ ಹಳೆಯದೇ. ನಾನು ನಂಬಿದೆ. ಹಾಕಿಸಿ ಇನ್ನೂರು ಕಿ.ಮೀ. ಕೂಡ ಆಗಿರಲಿಲ್ಲ. ಕಡಕೊಳದ ಹತ್ತಿರ ಅರವತ್ತರಲ್ಲಿ ಹೋಗುತ್ತಿದ್ದೆ. ಎಂಜಿನ್ ಸೌಂಡ್ ಒಂದು ಕ್ಷಣ ದಪ್ಪಗಾಯಿತು, ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಅನ್ನಿಸಿತು, ಹಿಂದಿನ ಚಕ್ರ ಲಾಕ್ ಆಯಿತು. ಕೈ ತಾನಾಗಿ ಕ್ಲಚ್ ಹಿಡಿದಿದ್ದರಿಂದ ಬೀಳಲಿಲ್ಲ. ಹಿಂದೆ ಲಾರಿ ಇರಲಿಲ್ಲ, ಅದು ದೇವರ ದಯೆ.

ಮಂಡಿ ಮೊಹಲ್ಲಾದಲ್ಲಿ ಅಪ್ಪಾಜಿಯ ಕಾಲದಿಂದ ಗಾಡಿ ನೋಡುತ್ತಿರುವ ಭಾಯ್ ಒಬ್ಬರಿದ್ದಾರೆ. ಬೋರ್ ಮಾಡಿಸುವಾಗ ಅವರು ಊರಲ್ಲಿರಲಿಲ್ಲ, ನಾನು ಆತುರಪಟ್ಟು ಬೇರೆ ಕಡೆ ಕೊಟ್ಟಿದ್ದೆ. ಗಾಡಿಯನ್ನು ಆಟೋದಲ್ಲಿ ಅವರ ಹತ್ತಿರ ತಂದೆ. ಹೆಡ್ ತೆಗೆದರು, ಸಿಲಿಂಡರ್ ಎಳೆದರು. ಪಿಸ್ಟನ್ನಿನ ಮೈಮೇಲೆ ಉದ್ದುದ್ದ ಗೀರು, ಅಲ್ಯೂಮಿನಿಯಂ ಕರಗಿ ರಿಂಗಿನ ಮೇಲೆ ಬಳಿದುಕೊಂಡಿತ್ತು. ನಾನು ಆಯಿಲ್ ಕಮ್ಮಿ ಹಾಕಿದೆನೇನೋ ಎಂದು ಒಳಗೇ ಕುಗ್ಗಿದ್ದೆ. ಭಾಯ್ ಹಳೆಯ ಪಿಸ್ಟನ್ ಒಂದನ್ನು ಕಪಾಟಿನಿಂದ ತೆಗೆದು ಎರಡನ್ನೂ ಎರಡು ಅಂಗೈಯಲ್ಲಿಟ್ಟು ತೂಗಿದರು. ನನ್ನ ಕೈಗೂ ಕೊಟ್ಟರು. ಕಣ್ಣು ಮುಚ್ಚಿದ್ದರೂ ಗೊತ್ತಾಗುವಷ್ಟು ವ್ಯತ್ಯಾಸ. "ಎಣ್ಣೆದು ತಪ್ಪಿಲ್ಲ ಸ್ವಾಮಿ. ಈ ಲೋಹ ಬಿಸಿಗೆ ಜಾಸ್ತಿ ಉಬ್ಬುತ್ತೆ. ಬೋರ್ ಮಾಡಿದ ಲೇತ್‌ನವರು ಒರಿಜಿನಲ್ ಅಂದ್ಕೊಂಡು ಪಿಸ್ಟನ್ ಸುತ್ತ ಅದರ ಗ್ಯಾಪೇ ಇಟ್ಟಿದ್ದಾರೆ" ಎಂದರು. ಮತ್ತೆ ಬೋರ್, ಮತ್ತೆ ಪಿಸ್ಟನ್, ಎರಡು ತಿಂಗಳು ಗಾಡಿ ಅವರ ಅಂಗಡಿಯಲ್ಲೇ ಇತ್ತು. ಆ ಸಲದ ಖರ್ಚಿನಲ್ಲಿ ಸ್ಪ್ಲೆಂಡರಿನ ಮೂರು ವರ್ಷದ ಸರ್ವಿಸ್ ಆಗುತ್ತಿತ್ತು.

ಆವತ್ತಿನಿಂದ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಯೆಜ್ಡಿ ಕೊಳ್ಳಬೇಕೆನ್ನುವವರು ಗಾಡಿ ಹುಡುಕುವ ಮೊದಲು ಮೆಕ್ಯಾನಿಕ್ಕನ್ನು ಹುಡುಕಬೇಕು. ನಿಮ್ಮ ಊರಿನಿಂದ ಗಾಡಿ ತಳ್ಳಿಕೊಂಡೋ ಆಟೋದಲ್ಲೋ ತಲುಪಬಹುದಾದಷ್ಟು ಹತ್ತಿರದಲ್ಲಿ ಪಾಯಿಂಟ್ ಟೈಮಿಂಗ್ (ಪ್ಲಗ್ಗಿನಲ್ಲಿ ಕಿಡಿ ಹಾರುವ ಹೊತ್ತು) ಇಡಲು ಬರುವವರು, ಕ್ರ್ಯಾಂಕಿನ ಆಯಿಲ್ ಸೀಲ್ ಬದಲಾಯಿಸಿ ಗೊತ್ತಿರುವವರು ಇಲ್ಲದಿದ್ದರೆ ಎಷ್ಟು ಅಗ್ಗಕ್ಕೆ ಸಿಕ್ಕಿದರೂ ಬೇಡ. ನೋಡಲು ಹೋದಾಗ ಬಣ್ಣ, ಕ್ರೋಮ್ ನೋಡಿ ಮರುಳಾಗಬೇಡಿ. ತಣ್ಣಗಿರುವಾಗ ಮೊದಲ ಕಿಕ್ ನಿಮ್ಮ ಕಣ್ಣೆದುರೇ ಹೊಡೆಸಿ, ಮುಂಚೆಯೇ ಬಿಸಿ ಮಾಡಿಟ್ಟ ಎಂಜಿನ್ ಎಲ್ಲ ಮುಚ್ಚಿಡುತ್ತದೆ. ಎಂಜಿನ್ ನಂಬರ್, ಚಾಸಿ ನಂಬರ್ ಆರ್‌ಸಿಯ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿ. ಎಂಜಿನ್ ಬದಲಾದ ಗಾಡಿಗಳು ಬಹಳ ಇವೆ, ನವೀಕರಣಕ್ಕೆ ಹೋದಾಗ ಆರ್‌ಟಿಒದಲ್ಲಿ ನಿಂತು ಪಶ್ಚಾತ್ತಾಪಪಟ್ಟು ಪ್ರಯೋಜನವಿಲ್ಲ.

ಓಡಿಸುವ ಸುಖದ ಮಾತು ಬಂದರೆ ಯೆಜ್ಡಿಯದೇ ಮೇಲುಗೈ, ಇದರಲ್ಲಿ ನನಗೆ ಎರಡು ಮಾತಿಲ್ಲ. ಹೆಂಡತಿ ಹಿಂದೆ ಕೂತು, ಮುಂದೆ ಟ್ಯಾಂಕಿನ ಮೇಲೆ ಅಕ್ಕಿ ಮೂಟೆ ಇಟ್ಟುಕೊಂಡರೂ ಚಾಮುಂಡಿ ಬೆಟ್ಟದ ಏರಿನಲ್ಲಿ ಮೂರನೇ ಗೇರಿನಲ್ಲೇ ಎಳೆಯುತ್ತದೆ. ಸ್ಪ್ಲೆಂಡರಿಗೆ ಅದೇ ಏರಿನಲ್ಲಿ ಎರಡನೆಯದು ಬೇಕು, ಅದೂ ತಾಳ್ಮೆಯಿಂದ. ಹಿಂದಿನಿಂದ ಗಾಳಿ ಸೀಳಿಕೊಂಡು ಬಸ್ ದಾಟಿದಾಗ ಸ್ಪ್ಲೆಂಡರ್ ಮೈ ಅಲುಗಿಸುತ್ತದೆ, ಯೆಜ್ಡಿ ತನ್ನ ತೂಕದಲ್ಲಿ ನೆಟ್ಟಗೆ ಹೋಗುತ್ತದೆ. ಯೆಜ್ಡಿಯ ಸೀಟಿನಲ್ಲಿ ಮಡಿಕೇರಿಗೆ ಹೋಗಿಬಂದರೂ ಸೊಂಟ ಹಿಡಿದುಕೊಂಡಿಲ್ಲ.

ಇಳಿಜಾರಿನಲ್ಲಿ ಮಾತ್ರ ಲೆಕ್ಕ ತಿರುವುಮುರುವು. ಫೋರ್ ಸ್ಟ್ರೋಕ್ ಗಾಡಿ ಗೇರಿನಲ್ಲಿಟ್ಟರೆ ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಟೂ ಸ್ಟ್ರೋಕಿನಲ್ಲಿ ಆ ಹಿಡಿತ ಬಹಳ ಕಮ್ಮಿ, ಬ್ರೇಕಿನ ಮೇಲೇ ಭಾರ. ಅದಕ್ಕಿಂತ ಮುಖ್ಯ, ಆಯಿಲ್ ಎಂಜಿನ್ನಿಗೆ ಹೋಗುವುದೇ ಪೆಟ್ರೋಲಿನ ಜೊತೆ. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಉದ್ದಕ್ಕೂ ಇಳಿದರೆ ಪಿಸ್ಟನ್ ಜೋರಾಗಿ ಓಡುತ್ತಲೇ ಇರುತ್ತದೆ, ಎಣ್ಣೆ ಮಾತ್ರ ಸಾಲದು. ಬೆಟ್ಟ ಇಳಿಯುವಾಗ ನಡುನಡುವೆ ಒಂದೊಂದು ಸಲ ಆಕ್ಸಿಲರೇಟರ್ ತಿರುವಿ ಬಿಡಬೇಕು. ಹೊಸದಾಗಿ ಯೆಜ್ಡಿ ಹಿಡಿದ ಫೋರ್ ಸ್ಟ್ರೋಕ್ ಸವಾರರು ಇದೊಂದನ್ನು ತಿಳಿದುಕೊಳ್ಳದೆ ಎಂಜಿನ್ ಕೆಡಿಸಿಕೊಳ್ಳುತ್ತಾರೆ.

ದಿನದ ಕೆಲಸಕ್ಕೆ ಒಂದೇ ಗಾಡಿ ಇಟ್ಟುಕೊಳ್ಳುವವರಿಗೆ ನಾನು ಸ್ಪ್ಲೆಂಡರನ್ನೇ ಹೇಳುತ್ತೇನೆ. ಯೆಜ್ಡಿಯನ್ನು ಎರಡನೆಯ ಗಾಡಿಯಾಗಿ ಮಾತ್ರ. ನನ್ನ ಯೆಜ್ಡಿ ಇಂದಿಗೂ ಓಡುತ್ತಿದ್ದರೆ ಅದಕ್ಕೆ ಒಂದು ಕಾರಣ, ಅದು ದಿನಾ ಓಡಬೇಕಾಗಿಲ್ಲ ಎನ್ನುವುದೇ. ಸ್ಪ್ಲೆಂಡರ್ ಉಳಿಸಿಕೊಟ್ಟ ದುಡ್ಡಿನಲ್ಲೇ ಯೆಜ್ಡಿಯ ಬೋರ್ ಕೆಲಸ ಆಗಿದ್ದು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು.

ಯೆಜ್ಡಿಯ ಆರ್‌ಸಿ 2026ರಲ್ಲಿ ಮತ್ತೆ ನವೀಕರಣಕ್ಕೆ ಬರುತ್ತದೆ. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿ ತೋರಿಸಬೇಕಲ್ಲ, ಅದಕ್ಕಾಗಿ ಎರಡೂ ಸೈಲೆನ್ಸರ್ ಬಿಚ್ಚಿ ಒಳಗಿನ ಕಾರ್ಬನ್ ಸುಡಿಸಿದ್ದೇನೆ, ವೈರಿಂಗ್ ಹೊಸದಾಗಿದೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ನಿಜವಾದ ಒರಿಜಿನಲ್ ಪಿಸ್ಟನ್ ಇನ್ನೊಂದೇ ಉಳಿದಿದೆ, ಎರಡು ಜೊತೆ ಪಾಯಿಂಟ್, ನಾಲ್ಕು ಆಯಿಲ್ ಸೀಲ್. ಭಾಯ್‌ಗೆ ಎಪ್ಪತ್ತು ದಾಟಿದೆ. ಅವರ ಮಗ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದಾನೆ, ಈ ಕೆಲಸಕ್ಕೆ ಬರುವುದಿಲ್ಲ. ಆರು ತಿಂಗಳಿಂದ ಭಾನುವಾರ ಬೆಳಿಗ್ಗೆ ನಾನೇ ಅಂಗಡಿಗೆ ಹೋಗಿ ಅವರ ಪಕ್ಕ ಕೂರುತ್ತಿದ್ದೇನೆ. ಕಾರ್ಬೊರೇಟರ್ ಬಿಚ್ಚಿ ಜೋಡಿಸಲು ಬಂತು. ಪಾಯಿಂಟನ್ನು ಸಣ್ಣ ಮರಳುಕಾಗದದಲ್ಲಿ ಉಜ್ಜಿ, ಆಮೇಲೆ ದಪ್ಪ ಕಾಗದದ ಚೂರು ನಡುವೆ ಎಳೆದು ಧೂಳು ತೆಗೆಯುವುದೂ ಬಂತು. ಗ್ಯಾಪ್ ಇಡುವಾಗ ಮಾತ್ರ ನನ್ನ ಕೈ ಇನ್ನೂ ನಡುಗುತ್ತದೆ. ಭಾಯ್ ಸ್ಕ್ರೂಡ್ರೈವರನ್ನು ನನ್ನ ಕೈಯಿಂದ ತೆಗೆದುಕೊಳ್ಳುವುದಿಲ್ಲ, ಮತ್ತೆ ಸಡಿಲಿಸಲು ಹೇಳಿ ಚಹಾಕ್ಕೆ ಕೂಗುತ್ತಾರೆ.