ಟರ್ಬೊ ಸೆನ್ಸರ್ ದೋಷ: ಸ್ಕ್ಯಾನರ್ ಸಾಕೋ, ಮಲ್ಟಿಮೀಟರ್ ಬೇಕೋ?

ಡೀಸೆಲ್ ಗಾಡಿ ಎಳೆಯುತ್ತಿಲ್ಲ, ಚೆಕ್ ಎಂಜಿನ್ ದೀಪ ಹತ್ತಿದೆ. ಸುಮ್ನೆ ಬೂಸ್ಟ್ ಸೆನ್ಸರ್ (ಟರ್ಬೊ ಎಂಜಿನ್‌ಗೆ ತಳ್ಳುವ ಗಾಳಿಯ ಒತ್ತಡ, ಅಂದರೆ ಬೂಸ್ಟ್, ಅಳೆಯುವ ಸೆನ್ಸರ್) ಬದಲಿಸಬೇಡಿ. ಒಂದೇ ಉಪಕರಣ ಕೊಳ್ಳುವುದಾದರೆ ಬ್ಲೂಟೂತ್ ಓಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್‌ನಲ್ಲಿರುವ ದೋಷದ ಮಾಹಿತಿ ಓದುವ ಉಪಕರಣ) ತೆಗೆದುಕೊಳ್ಳಿ ಎನ್ನುತ್ತೇನೆ.

ಅದು ದೋಷದ ಕೋಡ್ ಜೊತೆ ಲೈವ್ ಡೇಟಾ (ಸೆನ್ಸರ್‌ಗಳ ಆ ಕ್ಷಣದ ಅಳತೆ) ಕೂಡ ತೋರಿಸುತ್ತದೆ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಮ್ಯಾಪ್ ಒತ್ತಡ (ಎಂಜಿನ್‌ಗೆ ಗಾಳಿ ಹೋಗುವ ಮ್ಯಾನಿಫೋಲ್ಡ್‌ನ ಒತ್ತಡ) ನೋಡಿ. ಹೊರಗಿನ ಗಾಳಿಯ ಒತ್ತಡದಷ್ಟೇ ಇರಬೇಕು: ಮಂಗಳೂರಿನಲ್ಲಿ ಸುಮಾರು 100 ಕಿಲೋಪಾಸ್ಕಲ್, ಎತ್ತರದಲ್ಲಿರುವ ಬೆಂಗಳೂರಿನಲ್ಲಿ 91ರ ಆಸುಪಾಸು. ತುಂಬಾ ವ್ಯತ್ಯಾಸವಿದ್ದರೆ ಸೆನ್ಸರ್ ಅಥವಾ ವೈರಿಂಗ್ ಮೇಲೆ ಅನುಮಾನಪಡಿ. ಅಳತೆ ಸರಿಯಿದ್ದೂ ಪಿ0299 ಬಂದರೆ? ಅದು ಬೂಸ್ಟ್ ಸಾಲುತ್ತಿಲ್ಲ ಎಂಬ ಕೋಡ್ ಅಷ್ಟೇ, ಸೆನ್ಸರ್ ಕೆಟ್ಟಿದೆ ಎಂದಲ್ಲ. ಹರಿದ ಇಂಟರ್‌ಕೂಲರ್ (ಟರ್ಬೊದ ಬಿಸಿ ಗಾಳಿ ತಣಿಸುವ ಭಾಗ) ಪೈಪ್, ಸಡಿಲವಾದ ಕ್ಲಾಂಪ್, ಬಿರುಕು ಬಿಟ್ಟ ವ್ಯಾಕ್ಯೂಮ್ ಹೋಸ್ ಮೊದಲು ಹುಡುಕಿ. ಇಲ್ಲಿ ಅವಸರಪಟ್ಟರೆ ದುಡ್ಡು ದಂಡ, ಅಲ್ವಾ?

ಪಿ0237 ಅಥವಾ ಪಿ0238 ಬಂದಾಗ ಮಾತ್ರ ಮಲ್ಟಿಮೀಟರ್ (ವೋಲ್ಟೇಜ್ ಅಳೆಯುವ ಮೀಟರ್) ಮೇಲು. ಅವು ಬೂಸ್ಟ್ ಸೆನ್ಸರ್‌ನ ವಿದ್ಯುತ್ ಸರ್ಕ್ಯೂಟ್ ದೋಷದ ಕೋಡ್‌ಗಳು, ವೈರಿಂಗ್ ಎಲ್ಲಿ ಕೈಕೊಟ್ಟಿದೆ ಎಂದು ಸ್ಕ್ಯಾನರ್ ಹೇಳುವುದಿಲ್ಲ. ಸೆನ್ಸರ್ ಪ್ಲಗ್ ಬಿಚ್ಚಿ, ಕೀ ಆನ್ ಇಟ್ಟು ಅಳೆಯಿರಿ. ಸಾಮಾನ್ಯವಾಗಿ ಸಪ್ಲೈ ಪಿನ್‌ನಲ್ಲಿ 5 ವೋಲ್ಟ್ ಸಿಗಬೇಕು, ಗ್ರೌಂಡ್ ಗಟ್ಟಿಯಾಗಿರಬೇಕು. ಸಿಗ್ನಲ್ ವೈರ್ ಕೂಡ ಸರಿಯಿದ್ದರೆ ಆಗ ಹೊಸ ಸೆನ್ಸರ್ ತನ್ನಿ.