ಮುಕ್ತ ತಂತ್ರಾಂಶಕ್ಕೆ ಮೊದಲ ಕೊಡುಗೆ: ನಾನು ಹಿಡಿದು ನೋಡಿದ ನಾಲ್ಕು ದಾರಿಗಳು

ಬಾಗಲಕೋಟೆಯ ನವನಗರದ ಬಾಡಿಗೆ ಕೋಣೆಯಲ್ಲಿ, 8 ಜಿಬಿ ರ‍್ಯಾಮಿನ ಹಳೆಯ ಲ್ಯಾಪ್‌ಟಾಪ್ ಮತ್ತು ದಿನಕ್ಕೆ 2 ಜಿಬಿ ಮೊಬೈಲ್ ಡೇಟಾ ಇಟ್ಟುಕೊಂಡು, ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ನಾನು ಮುಕ್ತ ತಂತ್ರಾಂಶಕ್ಕೆ (ಮೂಲ ಕೋಡನ್ನು ಯಾರು ಬೇಕಾದರೂ ಓದಿ ತಿದ್ದಬಹುದಾದ ತಂತ್ರಾಂಶಕ್ಕೆ) ಕೊಡುಗೆ ನೀಡಲು ನಾಲ್ಕು ದಾರಿಗಳನ್ನು ಹಿಡಿದು ನೋಡಿದೆ. ಹ್ಯಾಕ್ಟೋಬರ್‌ಫೆಸ್ಟ್ ಎಂಬ ಉತ್ಸವ, ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶದ ಕೋಡ್, ನಾನೇ ಬಳಸುತ್ತಿದ್ದ ಪೈಥಾನ್ ಎಂಬ ಕೋಡ್ ಭಾಷೆಯ ಚಿಕ್ಕದೊಂದು ಸಲಕರಣೆ ಮತ್ತು ತಂತ್ರಾಂಶಗಳ ಸಂದೇಶಗಳನ್ನು ಅನುವಾದಿಸುವ ಟ್ರಾನ್ಸ್‌ಲೇಟ್‌ವಿಕಿ ತಾಣದ ಕನ್ನಡ ಅನುವಾದ, ಇವೇ ಆ ನಾಲ್ಕು. ಇವನ್ನು ತೂಗಲು ನಾನು ಇಟ್ಟುಕೊಂಡ ಪ್ರಶ್ನೆ ಒಂದೇ: ನಾನು ಕಳುಹಿಸಿದ್ದನ್ನು ಆಚೆ ಬದಿಯಲ್ಲಿ ಒಬ್ಬರಾದರೂ ಓದಿ ತಿದ್ದಿದರೇ?

ಹ್ಯಾಕ್ಟೋಬರ್‌ಫೆಸ್ಟ್ ಈ ಪ್ರಶ್ನೆಯಲ್ಲಿ ಸಂಪೂರ್ಣ ಸೋತಿತು. ಡಿಜಿಟಲ್ ಓಷನ್ ಸಂಸ್ಥೆ 2014ರಲ್ಲಿ ಆರಂಭಿಸಿದ ಈ ಅಕ್ಟೋಬರ್ ಉತ್ಸವದಲ್ಲಿ ನಾನು ಸೇರಿದಾಗ ನಾಲ್ಕು ಪುಲ್ ರಿಕ್ವೆಸ್ಟ್‌ಗಳು (ನಮ್ಮ ತಿದ್ದುಪಡಿಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆಗಳು) ಅಂಗೀಕಾರವಾಗಬೇಕಿತ್ತು. 2020ರಲ್ಲಿ ಬಹುಮಾನದ ಟೀ ಶರ್ಟಿನ ಆಸೆಗೆ ಅರ್ಥವಿಲ್ಲದ ತಿದ್ದುಪಡಿಗಳ ಮಹಾಪೂರವೇ ಹರಿದ ಮೇಲೆ, ತಾವಾಗಿ ಒಪ್ಪಿಕೊಂಡ ಯೋಜನೆಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವ ನಿಯಮ ಬಂದಿತು. ನಾನು ಎರಡು ಸಂಜೆಗಳಲ್ಲಿ ನಾಲ್ಕನ್ನೂ ಮುಗಿಸಿದೆ. ಅವುಗಳಲ್ಲಿ ಎರಡು, ಹೆಸರಿನ ಪಟ್ಟಿಗೆ ನನ್ನ ಹೆಸರು ಸೇರಿಸುವ ಕೆಲಸವಾಗಿದ್ದವು. ಫೋರ್ಕ್ (ಯೋಜನೆಯ ಸ್ವಂತ ಪ್ರತಿ), ಬ್ರಾಂಚ್ (ಅದರ ಕವಲು), ಕಮಿಟ್ (ದಾಖಲಿಸಿದ ಬದಲಾವಣೆ) ಇವು ಕೈಗೆ ಹತ್ತಿದವು ಎಂಬುದಷ್ಟೇ ಲಾಭ, ಮತ್ತು ಅದಕ್ಕೆ ಒಂದು ಸಂಜೆಯೇ ಸಾಕಿತ್ತು.

ಆ ಬೇಸರದಲ್ಲಿ ನೇರವಾಗಿ ದೊಡ್ಡದಕ್ಕೇ ಕೈಹಾಕಿದೆ. ಲಿಬ್ರೆಆಫೀಸ್‌ನವರು ಹೊಸಬರಿಗಾಗಿಯೇ ‘ಈಸಿ ಹ್ಯಾಕ್ಸ್’ ಎಂದು ಕೆಲಸಗಳನ್ನು ಬೇರ್ಪಡಿಸಿ ಇಟ್ಟಿದ್ದಾರೆ; ಆದರೆ ಕೆಲಸ ಸುಲಭವಾಗಿದ್ದರೂ ಅದರ ಬಾಗಿಲಿಗೆ ತಲುಪುವುದು ಸುಲಭವಲ್ಲ. ಕೋಡಿನ ಬದಲಾವಣೆಗಳ ಲೆಕ್ಕವಿಡುವ ಗಿಟ್‌ನಲ್ಲಿ ಕ್ಲೋನ್ ಮಾಡುವಾಗ, ಅಂದರೆ ಯೋಜನೆಯ ಪ್ರತಿಯನ್ನು ಇಳಿಸಿಕೊಳ್ಳುವಾಗ, ನೆಟ್‌ವರ್ಕ್ ನಡುವೆ ಕಡಿದರೆ ಅದು ನಿಂತಲ್ಲಿಂದ ಮುಂದುವರಿಯುವುದಿಲ್ಲ, ಮೊದಲಿನಿಂದಲೇ ಆರಂಭಿಸಬೇಕು ಎಂಬುದನ್ನು ನಾನು ಎರಡು ದಿನಗಳ ಡೇಟಾ ಸುಟ್ಟುಕೊಂಡು ಕಲಿತೆ. ಪೂರ್ತಿ ಇತಿಹಾಸವನ್ನು ಬಿಟ್ಟು ಇತ್ತೀಚಿನ ಸ್ಥಿತಿಯನ್ನಷ್ಟೇ ತರುವ ‘ಡೆಪ್ತ್ 1’ ಆಯ್ಕೆ ಕೊನೆಗೆ ಕೆಲಸಕ್ಕೆ ಬಂದಿತು. ಬಳಿಕ ಕೋಡಿನಿಂದ ತಂತ್ರಾಂಶ ಕಟ್ಟುವ ಬಿಲ್ಡ್ ರಾತ್ರಿಯಿಡೀ ನಡೆಯಿತು, ಬೆಳಿಗ್ಗೆ ಮೆಮೊರಿ ಸಾಲದೆ ನಿಂತಿತ್ತು. ಒಮ್ಮೆಗೆ ಎರಡೇ ಕೆಲಸ ನಡೆಯುವಂತೆ ಮಿತಿ ಹಾಕಿದ ಮೇಲೆ ಮೂರನೆಯ ಪ್ರಯತ್ನದಲ್ಲಿ ಮುಗಿಯಿತು. ಇಲ್ಲಿ ಕೋಡನ್ನು ಪರಿಶೀಲಿಸಲು ಗೆರಿಟ್ ಎಂಬ ವ್ಯವಸ್ಥೆ ಇರುವುದರಿಂದ, ತಿದ್ದುಪಡಿ ಕೇಳಿದಾಗ ಗಿಟ್‌ಹಬ್ ತಾಣದಲ್ಲಿ ಮಾಡುವಂತೆ ಹೊಸ ಕಮಿಟ್ ಸೇರಿಸದೆ, ಹಳೆಯ ಕಮಿಟ್ಟನ್ನೇ ತಿದ್ದಿ, ಅದರ ಗುರುತಾದ ಚೇಂಜ್ ಐಡಿ ಸಾಲನ್ನು ಹಾಗೆಯೇ ಉಳಿಸಿ ಮತ್ತೆ ಕಳುಹಿಸಬೇಕು. ನನ್ನ ಆರು ಸಾಲಿನ ಬದಲಾವಣೆಯನ್ನು ಓದಿದವರು ಎರಡು ಕಡೆ ತಪ್ಪು ತೋರಿಸಿದರು, ಅದೂ ಸೌಜನ್ಯದಿಂದ. ಓದಿನ ಗುಣಮಟ್ಟದಲ್ಲಿ ಇದಕ್ಕೆ ಸಾಟಿಯಿಲ್ಲ; ಆದರೆ ಮೂರು ವಾರಗಳಲ್ಲಿ ಕೋಡ್ ಬರೆದದ್ದು ಒಂದು ಗಂಟೆಯೂ ಇರಲಿಕ್ಕಿಲ್ಲ.

ಪೈಥಾನ್ ಸಲಕರಣೆಯ ಕತೆ ಮುಧೋಳದಲ್ಲಿರುವ ನಮ್ಮ ಕಾಕಾನ ಕಿರಾಣಿ ಅಂಗಡಿಯಲ್ಲಿ ಹುಟ್ಟಿತು. ಉದ್ರಿ ಲೆಕ್ಕದ ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಪಟ್ಟಿ) ಕಡತದಿಂದ ತಿಂಗಳ ಬಾಕಿ ತೆಗೆಯಲು ನಾನು ಬಳಸುತ್ತಿದ್ದ ಈ ಸಲಕರಣೆ ನನ್ನ ಲಿನಕ್ಸ್‌ನಲ್ಲಿ ಸರಿಯಾಗಿ ನಡೆಯುತ್ತಿತ್ತು, ಅಂಗಡಿಯ ವಿಂಡೋಸ್‌ನಲ್ಲಿ ಮಾತ್ರ ಕೆಲವು ಹೆಸರುಗಳು ಬಂದ ಕೂಡಲೇ ಬೀಳುತ್ತಿತ್ತು. ಹುಡುಕಿದಾಗ ಕಾರಣ ಸ್ಪಷ್ಟವಾಯಿತು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಪ್ರತಿ ಕನ್ನಡ ಚಿಹ್ನೆಗೆ ಮೂರು ಬೈಟ್‌ಗಳು ಬೇಕು. ಎನ್‌ಕೋಡಿಂಗ್ (ಇಂತಹ ಪದ್ಧತಿ ಯಾವುದು ಎಂಬುದನ್ನು) ಹೇಳದೆ ಕಡತ ತೆರೆದರೆ ಅಂಗಡಿಯ ಆ ಗಣಕದಲ್ಲಿ ಪೈಥಾನ್ 1252 ಎಂಬ ಹಳೆಯ ಕೋಡ್‌ಪೇಜಿನಿಂದ (ಅಕ್ಷರಗಳ ಪಟ್ಟಿಯಿಂದ) ಅದನ್ನು ಓದುತ್ತಿತ್ತು, ಮತ್ತು ಉಕಾರದ ಕೊಂಬಿನ ಹಾಗೂ ಒತ್ತಕ್ಷರ ಕೂಡಿಸುವ ವಿರಾಮದ ಕೊನೆಯ ಬೈಟ್‌ಗಳಿಗೆ ಆ ಕೋಡ್‌ಪೇಜಿನಲ್ಲಿ ಅಕ್ಷರವೇ ಇಲ್ಲ. ಹೀಗಾಗಿ ‘ರಾಮ’ ಎಂಬ ಹೆಸರು ವಿಕಾರವಾಗಿಯಾದರೂ ದಾಟುತ್ತಿತ್ತು, ‘ಬಸಪ್ಪ’ ಬಂದೊಡನೆ ಎಲ್ಲವೂ ನಿಲ್ಲುತ್ತಿತ್ತು. ನಮ್ಮ ಕಡೆ ಒತ್ತಕ್ಷರವಿಲ್ಲದ ಹೆಸರು ಎಷ್ಟು ಸಿಕ್ಕಾವು!

ತೆರೆಯುವ ಸಾಲಿಗೆ ಎನ್‌ಕೋಡಿಂಗ್ ಸೇರಿಸಿ ಪುಲ್ ರಿಕ್ವೆಸ್ಟ್ ಕಳುಹಿಸಿದೆ. ಸಲಕರಣೆಯ ನಿರ್ವಾಹಕರು ಎರಡು ದಿನಗಳಲ್ಲಿ ಉತ್ತರಿಸಿ, ಎಕ್ಸೆಲ್‌ನಿಂದ ಯುಟಿಎಫ್-8 ಸಿಎಸ್‌ವಿಯಾಗಿ ಉಳಿಸಿದ ಕಡತದ ಮೊದಲಲ್ಲಿ ಎನ್‌ಕೋಡಿಂಗ್ ಸೂಚಿಸುವ ಬಿಓಎಂ ಎಂಬ ಅದೃಶ್ಯ ಗುರುತು ಇರುತ್ತದೆ, ಅದನ್ನೂ ನಿಭಾಯಿಸಬೇಕು, ಜೊತೆಗೆ ಕನ್ನಡ ಹೆಸರಿರುವ ಒಂದು ಪರೀಕ್ಷೆಯನ್ನೂ ಬರೆಯಬೇಕು ಎಂದರು. ಮೂರು ಸುತ್ತು ತಿದ್ದಿದ ಮೇಲೆ ಅಂಗೀಕಾರವಾಯಿತು. ತಪ್ಪು ನನ್ನದೇ ಅನುಭವದ್ದಾದ್ದರಿಂದ ಪ್ರತಿ ಪ್ರಶ್ನೆಗೂ ನನ್ನಲ್ಲಿ ಉತ್ತರವಿತ್ತು. ಲಿಬ್ರೆಆಫೀಸ್‌ನಲ್ಲಿ ಯಾರೋ ಪಟ್ಟಿ ಮಾಡಿದ ಕೆಲಸ ಹಿಡಿದಾಗ ಈ ಧೈರ್ಯ ಇರಲಿಲ್ಲ. ನಾಲ್ಕರಲ್ಲಿ ನಾನು ಮೊದಲ ಸ್ಥಾನ ಕೊಡುವುದು ಇದಕ್ಕೇ.

ಹೊಸಬರು ಮಾರ್ಗದರ್ಶಕರೊಂದಿಗೆ ಮುಕ್ತ ತಂತ್ರಾಂಶಕ್ಕೆ ದುಡಿಯುವ ಗೂಗಲ್ ಸಮ್ಮರ್ ಆಫ್ ಕೋಡ್‌ನ್ನು ಈ ಹೋಲಿಕೆಗೆ ಸೇರಿಸಿಲ್ಲ. 2005ರಿಂದ ನಡೆಯುತ್ತಿರುವ, 2022ರಿಂದ ವಿದ್ಯಾರ್ಥಿಗಳಲ್ಲದ ಹೊಸಬರಿಗೂ ತೆರೆದಿರುವ ಆ ಯೋಜನೆಗೆ ಅರ್ಜಿ ಹಾಕುವವರಿಗೆ ಇಂತಹ ಒಂದೆರಡು ಅಂಗೀಕೃತ ತಿದ್ದುಪಡಿಗಳು ಮೊದಲೇ ಕೈಯಲ್ಲಿರುವುದು ಒಳ್ಳೆಯದು.

ಅನುವಾದವನ್ನು ಅನೇಕರು ಕೋಡ್ ಬಾರದವರ ಕೆಲಸವೆಂದು ತಳ್ಳಿಹಾಕುತ್ತಾರೆ, ನಾನೂ ಹಾಗೆಯೇ ಭಾವಿಸಿದ್ದೆ. ಟ್ರಾನ್ಸ್‌ಲೇಟ್‌ವಿಕಿಗೆ ಬಿಲ್ಡ್ ಬೇಡ, ಫೋನಿನಲ್ಲಿಯೂ ಸಾಗುತ್ತದೆ. ಡೇಟಾ ಕಡಿಮೆ ಇರುವ ವಾರಗಳಲ್ಲಿ ಉಳಿದ ಮೂರಕ್ಕಿಂತ ಇದೇ ಮೇಲು. ಕಷ್ಟ ಬರುವುದು ವಿಭಕ್ತಿಯಲ್ಲಿ. ಅನುವಾದಿಸಬೇಕಾದ ಸಂದೇಶದಲ್ಲಿ ಬಳಕೆದಾರರ ಹೆಸರು ಬರುವ ಜಾಗದಲ್ಲಿ ‘$1’ ಎಂದು ಇರುತ್ತದೆ. ಅದಕ್ಕೆ ‘ಇಂದ’ ಅಂಟಿಸಿದರೆ ರಮೇಶನಿಗೊಂದು ರೂಪ, ಸುಧಾಳಿಗೊಂದು ರೂಪ ಬೇಕಾಗುತ್ತದೆ. ಆದ್ದರಿಂದ ಹೆಸರಿಗೆ ಪ್ರತ್ಯಯವೇ ತಾಗದಂತೆ, ‘ಸಂಪಾದಿಸಿದವರು: $1’ ಎಂದು ವಾಕ್ಯವನ್ನೇ ತಿರುಗಿಸಬೇಕಾಯಿತು. ತಿದ್ದುವವರು ಇದ್ದಾರೆ, ಆದರೆ ಕನ್ನಡದಲ್ಲಿ ಕೆಲವೇ ಜನರು. ನಾನು ಅನುವಾದಿಸಿದ ಸಂದೇಶವೊಂದನ್ನು ಇನ್ನೊಬ್ಬರು ಮುಟ್ಟುವಷ್ಟರಲ್ಲಿ ಐದು ವಾರಗಳಾಗಿದ್ದವು. ಅಷ್ಟರಲ್ಲಿ ಮೊದಲ ವಿಮರ್ಶೆ ನನ್ನ ಕೋಣೆಯಲ್ಲಿಯೇ ನಡೆದಿತ್ತು. ಜಮಖಂಡಿಯ ಗೆಳೆಯ ಪರದೆ ನೋಡಿ, “ಕಡತ ಅಂದ್ರ ತಹಶೀಲ್ದಾರ್ ಆಫೀಸಿನ್ಯಾಗ ಇರ್ತದಲ್ಲೋ, ಇದು ಫೈಲ್ ಅಲ್ಲೇನು?” ಎಂದು ಕೇಳಿದ. ಮೊದಲಿನ ಅನುವಾದಕರೆಲ್ಲ ‘ಕಡತ’ವನ್ನೇ ಬಳಸಿದ್ದರಿಂದ ನಾನು ಅದನ್ನೇ ಉಳಿಸಿದೆ; ಅವನು ಇನ್ನೂ ಒಪ್ಪಿಲ್ಲ.