ಲಂಟಾನವೋ ಬಿದಿರೋ: ಕಾಡಿನ ಬಿಡಾರಕ್ಕೆ ಯಾವುದು ಒದಗುತ್ತದೆ?

ಕಾಡಲ್ಲಿ ತಂಗಿದಾಗ ಗೂಟ, ಕೊಕ್ಕೆ, ಬುಟ್ಟಿ ಏನೇ ಬೇಕಾದರೂ ಮೊದಲು ನೆನಪಾಗುವುದು ಬಿದಿರು. ಪಕ್ಕದಲ್ಲೇ ದಟ್ಟವಾಗಿ ಹಬ್ಬಿರುವ ಲಂಟಾನ ಎಂಬ ಮುಳ್ಳಿನ ಕಳೆಗಿಡವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದರ ಮೂಲ ಅಮೆರಿಕದ ಉಷ್ಣ ಪ್ರದೇಶ. ಹೂವಿನ ಚಂದಕ್ಕೆಂದು ತಂದು ತೋಟದಲ್ಲಿ ನೆಟ್ಟದ್ದು ಕಾಡು ಸೇರಿತು. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಪಟ್ಟಿ ಮಾಡಿದ ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಪ್ರಭೇದಗಳಲ್ಲಿ ಇದೂ ಒಂದು. ಕಡಿದರೂ ಕಾಡಿಗೆ ನಷ್ಟವಿಲ್ಲದ ಗಿಡ ಎದುರಿಗೇ ಇರುವಾಗ ಬಿದಿರಿಗೆ ಯಾಕೆ ಕತ್ತಿ ಹಾಕಬೇಕು? ಅದಕ್ಕೇ ಎರಡನ್ನೂ ಒಂದೇ ಕೆಲಸಕ್ಕೆ ಹಚ್ಚಿ ನೋಡುತ್ತಾ ಬಂದಿದ್ದೇನೆ.

ಉದ್ದದ ಕೆಲಸಕ್ಕೆ ಬಿದಿರೇ ಸರಿ. ಟಾರ್ಪಾಲ್ ಎತ್ತಿ ಕಟ್ಟಲು ನೇರವಾದ, ಹಗುರವಾದ ಕೋಲು ಬೇಕು. ಲಂಟಾನದ ಕಾಂಡ ಸೊಟ್ಟ, ಸಣ್ಣ. ನೀರು ತುಂಬಿಡುವ ಕೊಳವೆಯಂತೂ ಅದರಿಂದ ಆಗುವುದೇ ಇಲ್ಲ.

ಗೂಟ ಮತ್ತು ಕೊಕ್ಕೆಯಲ್ಲಿ ಲೆಕ್ಕ ಬದಲಾಗುತ್ತದೆ. ಬಿದಿರಿನ ಗೂಟಕ್ಕೆ ಕಲ್ಲಿಂದ ಹೊಡೆದರೆ ತಲೆ ಸೀಳುತ್ತದೆ. ಗೆಣ್ಣು ಮೇಲೆ ಬರುವಂತೆ ಕತ್ತರಿಸಿದರೆ ಸ್ವಲ್ಪ ತಡೆಯುತ್ತದೆ ಅಷ್ಟೇ. ಬಲಿತ ಲಂಟಾನದ ಬುಡ ಗಟ್ಟಿ, ಏಟು ತಾಳುತ್ತದೆ. ಜೊತೆಗೆ ಕವಲುಗಳು ಜಾಸ್ತಿ. ಪಾತ್ರೆ ನೇತು ಹಾಕಲು ಕೊಕ್ಕೆ ಕೆತ್ತುತ್ತಾ ಕೂರಬೇಕಿಲ್ಲ, ಸರಿಯಾದ ಕವಲು ಆರಿಸಿ ಕಡಿದರೆ ಸಾಕು.

ನನಗೆ ಲಂಟಾನ ನಿಜವಾಗಿ ಇಷ್ಟವಾದದ್ದು ಹೆಣಿಗೆಯಲ್ಲಿ. ಬಿದಿರಿನ ಸೀಳು ನಯ, ಒಂದೇ ಅಗಲ, ಆದರೆ ಅದನ್ನು ಎಬ್ಬಿಸಲು ಕೈ ಪಳಗಿರಬೇಕು. ಅಂಚೂ ಬ್ಲೇಡಿನ ಹಾಗೆ ಕುಯ್ಯುತ್ತದೆ. ಲಂಟಾನದ ಬೆರಳುಗಾತ್ರದ ಕಡ್ಡಿಯನ್ನು ನೀರಲ್ಲಿ ಚೆನ್ನಾಗಿ ಕುದಿಸಿ. ಸಿಪ್ಪೆ ಮುಳ್ಳಿನ ಸಮೇತ ಸುಲಿದು ಬರುತ್ತದೆ, ಕಡ್ಡಿಯೂ ಬಾಗುತ್ತದೆ. ಬಿಸಿ ಇರುವಾಗಲೇ ಬಗ್ಗಿಸಿ ಕಟ್ಟಿಟ್ಟರೆ ಆರಿದ ಮೇಲೆ ಅದೇ ಆಕಾರ ಉಳಿಯುತ್ತದೆ. ಬುಟ್ಟಿಯ ಅಂಚು, ಹಿಡಿ, ಬೆನ್ನಿಗೆ ಹಾಕುವ ಚೌಕಟ್ಟು ಎಲ್ಲಕ್ಕೂ ಒದಗುತ್ತದೆ. ದೊಡ್ಡ ಪಾತ್ರೆ ಇಲ್ಲದಿದ್ದರೆ ಹಸಿ ಕಡ್ಡಿಯನ್ನು ಬೆಂಕಿಯ ಮೇಲೆ ಕಾಯಿಸಿ ಬಗ್ಗಿಸಬಹುದು, ಆದರೆ ಸಿಪ್ಪೆ ಹೆರೆಯುವುದು ಬೇಸರದ ಕೆಲಸ. ದಪ್ಪ ಕೈಗವಸು ಇಲ್ಲದೆ ಈ ಗಿಡಕ್ಕೆ ಕೈ ಹಾಕಬೇಡಿ. ಮುಳ್ಳು ಕೊಕ್ಕೆಯ ಥರ ಬಾಗಿರುತ್ತದೆ.

ಬೆಂಕಿಗೆ? ಒಣಗಿದ ಲಂಟಾನದ ಪುಳ್ಳೆ ಬೇಗ ಹತ್ತಿ ಜೋರಾಗಿ ಉರಿಯುತ್ತದೆ. ಬಿದಿರೂ ಚೆನ್ನಾಗಿ ಉರಿಯುತ್ತದೆ, ಆದರೆ ಸೀಳದೆ ಹಾಕಿದರೆ ಒಳಗಿನ ಗಾಳಿ ಕಾದು ಪಟಾಕಿಯಂತೆ ಸಿಡಿಯುತ್ತದೆ. ಉಜ್ಜಿ ಕೆಂಡ ಹುಟ್ಟಿಸಲು ಮಾತ್ರ ನಾನು ಬಿದಿರನ್ನೇ ಹುಡುಕುತ್ತೇನೆ. ಲಂಟಾನದ ಪೊದೆಯ ಹತ್ತಿರ ಒಲೆ ಹೂಡಲೇಬೇಡಿ. ಬೇಸಿಗೆಯಲ್ಲಿ ಇಡೀ ಪೊದೆಯೇ ಉರಿದುಹೋಗುತ್ತದೆ.

ಕಮ್ಯುನಿಸ್ಟ್ ಗಿಡ ಎಂದು ಕರೆಯುವ ಇನ್ನೊಂದು ಕಳೆಯನ್ನೂ (ಕ್ರೊಮೊಲೇನಾ) ನೋಡಿದೆ. ಅದೂ ಐಯುಸಿಎನ್‌ನ ಅದೇ ಪಟ್ಟಿಯಲ್ಲಿದೆ. ಒಣ ಕಡ್ಡಿ ಬೆಂಕಿ ಹಚ್ಚಲು ಆಯ್ತು, ಬೇರೇನಕ್ಕೂ ಗಟ್ಟಿಯಿಲ್ಲ.

ಅಡುಗೆಗೆ ಲಂಟಾನ ಬೇಡ. ಇದರ ಎಲೆಯಲ್ಲಿರುವ ಲಂಟಾಡೀನ್ ದನಕರುಗಳ ಲಿವರ್ ಕೆಡಿಸುವ ವಿಷ. ಚಮಚ, ಆಹಾರ ಸುಡುವ ಕಡ್ಡಿ ಎಲ್ಲ ನಾನು ಬಿದಿರಲ್ಲೇ ಮಾಡುವುದು.

ಕಡಿಯುವ ರೀತಿಯೂ ಮುಖ್ಯ. ಸುಮ್ನೆ ಮೇಲಿಂದ ಕತ್ತರಿಸಿದರೆ ಲಂಟಾನ ಇನ್ನೂ ಜಾಸ್ತಿ ಚಿಗುರುತ್ತದೆ. ತಾಯಿಬೇರನ್ನು ನೆಲದಿಂದ 3ರಿಂದ 5 ಸೆಂಟಿಮೀಟರ್ ಕೆಳಗೆ ಕಡಿದು, ಬುಡವನ್ನು ತಲೆಕೆಳಗು ಮಾಡಿ ಒಣಗಲು ಬಿಡಬೇಕು. ಹಣ್ಣಿದ್ದ ಗೊಂಚಲನ್ನು ಬೇರೆ ಕಡೆ ಒಯ್ಯಬಾರದು. ಹಕ್ಕಿಗಳು ಬೀಜ ಹರಡುವುದೇ ಸಾಕಷ್ಟಿದೆ, ಅಲ್ವಾ? ಸಂರಕ್ಷಿತ ಕಾಡಾದರೆ ಕಳೆಗಿಡವೇ ಆದರೂ ಮೊದಲು ಅನುಮತಿ ಕೇಳಿ.